ಇಪ್ಪತ್ತೆಂಟು ಕೆಂಪು ಗೆರೆ

“ವಿಮಾನ ನಡೆಸುವ ಹಿಡಿಕೋಲಿನಿಂದ ರೆಕ್ಕೆಗೂ ಬಾಲಕ್ಕೂ ಹೋಗುವ ಸರಳನ್ನು ಒಬ್ಬ ಮುಟ್ಟಿದರೆ, ಇನ್ನೊಬ್ಬ ಅದನ್ನು ತನ್ನ ಕಣ್ಣಿನಿಂದ ನೋಡಿ ಸಹಿ ಹಾಕುವವರೆಗೆ ವಿಮಾನ ನೆಲ ಬಿಡಬಾರದು. ಈ ನಿಯಮ ಮಾಡಿದವರಿಗೆ ಮನುಷ್ಯರ ಮೇಲೆ ನಂಬಿಕೆಯೇ ಇರಲಿಲ್ಲವೇ, ಗುರುಗಳೇ?”

ಕೇಳಿದವನು ಹಾಲೇಶ. ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವವರಿಗೆ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿಸುತ್ತಿದ್ದ ಗುರುಗಳ ಬಳಿ ಅವನು ಒಂಬತ್ತು ವರ್ಷದಿಂದ ಇದ್ದ. ಆ ವಾರ ಎರಡು ಸೀಟಿನ ಒಂದು ವಿಮಾನಕ್ಕೆ ಆಟೋಪೈಲಟ್ ಕೂರಿಸುವ ಕೆಲಸವನ್ನು ಒಬ್ಬನೇ ಮಾಡಿ ಮುಗಿಸಿದ್ದ. ರಿಜಿಸ್ಟರನ್ನು ತಂದು, ಪುಟ ತೆಗೆದು, ಅದರ ಮೇಲೆ ಪೆನ್ನನ್ನೂ ಇಟ್ಟಿದ್ದ. ಗಂಟೆ ಮೂರಾಗಿತ್ತು.

“ನನ್ನ ಕೆಲಸ ನಿಮಗೆ ಗೊತ್ತು. ನೀವೇ ಕಲಿಸಿದ್ದು. ನಾಲ್ಕಕ್ಕೆ ನಿಮಗೆ ಆ ಹುಬ್ಬಳ್ಳಿಯವರ ಪಾಠ ಬೇರೆ ಇದೆ. ಈಗ ವಿಮಾನದ ನೆಲದ ಹಲಗೆ ಬಿಚ್ಚುತ್ತಾ ಕೂತರೆ ಪಾಠವೂ ಇಲ್ಲ, ಏನೂ ಇಲ್ಲ. ಒಂದು ಸಹಿ ಹಾಕಿಬಿಡಿ.”

ಗುರುಗಳು ಪೆನ್ನನ್ನು ಎತ್ತಿ ಪಕ್ಕಕ್ಕಿಟ್ಟರು.

“ಕೂತ್ಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಲೇತ್ ಕೆಲಸಗಾರನಿದ್ದ. ಅವನಿಗೆ ಒಬ್ಬ ಬಡಗಿ ಗೆಳೆಯ. ಇಬ್ಬರೂ ಸೇರಿ ಒಂದು ವಿಮಾನ ಕಟ್ಟಿದರು. ಮರದ ಕೆಲಸವೆಲ್ಲ ಬಡಗಿಯದು, ಲೋಹದ ಕೆಲಸವೆಲ್ಲ ಲೇತಿನವನದು. ಕಟ್ಟುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಒಂದು ಹಳೆಯ ಸಕ್ಕರೆ ಕಾರ್ಖಾನೆಯವರು ಯಾವ ಕಾಲದಲ್ಲೋ ಮಾಡಿಸಿ ಬಿಟ್ಟುಹೋದ, ವಿಮಾನ ಏರಿಳಿಯುವ ಓಡುದಾರಿ ಊರ ಹೊರಗೆ ಇತ್ತು. ಅದರ ಪಕ್ಕದಲ್ಲಿ ಐದಾರು ಶೆಡ್ಡುಗಳು. ತಮ್ಮ ಸಣ್ಣ ವಿಮಾನಗಳನ್ನು ತಾವೇ ಕಟ್ಟಿದವರು ಅಲ್ಲಿ ನಿಲ್ಲಿಸುತ್ತಿದ್ದರು. ಇವರದೂ ಅಲ್ಲೇ ನಿಂತಿತು.

ಲೇತಿನವನ ಕೈ ಬಹಳ ಅಚ್ಚುಕಟ್ಟು. ಕೂದಲಿನ ದಪ್ಪವನ್ನು ಅವನು ಹತ್ತು ಭಾಗ ಮಾಡಿ ಕೆಲಸ ಮಾಡುತ್ತಾನೆ ಎಂದು ಜನ ಹೇಳುತ್ತಿದ್ದರು. ಬೇರೆಯವರ ವಿಮಾನದಲ್ಲಿ ಏನಾದರೂ ಸರಿಹೋಗದಿದ್ದರೆ ಅವನನ್ನೇ ಕರೆಯುತ್ತಿದ್ದರು. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು.

ಆದರೆ ಮೇಸ್ತ್ರಿ ಯಾವ ಸರಳನ್ನು ಮುಟ್ಟಿದರೂ ಬಡಗಿ ಅದನ್ನು ನೋಡದೆ ಬಿಡುತ್ತಿರಲಿಲ್ಲ. ಅವನು ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬುತ್ತಿದ್ದ. ಹಿಡಿಕೋಲಿನ ಬುಡದಲ್ಲಿ ಬೆರಳಿಟ್ಟರೆ ರೆಕ್ಕೆಯ ತುದಿಯವರೆಗೆ ಎತ್ತುತ್ತಿರಲಿಲ್ಲ. ಒಂದು ಸಲ ಅವನ ಬೆರಳು ನಡುವೆ ನಿಂತಿತು. ನಟ್ಟು ಕಳಚದಂತೆ ತೂರಿಸುವ ಪಿನ್ನು ಅಲ್ಲಿತ್ತು. ಅದರ ಬಾಲವನ್ನು ಬಾಗಿಸಿರಲಿಲ್ಲ. ಹಾರುವಾಗಿನ ಅದುರುವಿಕೆಗೆ ಅದು ಇವತ್ತಲ್ಲ ನಾಳೆ ಉದುರಿ ಬೀಳುತ್ತಿತ್ತು. ಮೇಸ್ತ್ರಿ ಅದೇ ಪಿನ್ನನ್ನು ಆ ದಿನ ಮೂರು ಸಲ ನೋಡಿದ್ದ.

“ಇದೇನೋ ಇದು?” ಎಂದ ಬಡಗಿ.

ಮೇಸ್ತ್ರಿ ಬಗ್ಗಿ ನೋಡಿದ. “ಹೂಂ” ಎಂದ. ಪಿನ್ನಿನ ಬಾಲವನ್ನು ಬಾಗಿಸಿದ. ಇಬ್ಬರೂ ಹೋಗಿ ಚಹಾ ಕುಡಿದರು. ಹನ್ನೊಂದು ವರ್ಷದಲ್ಲಿ ಹಾಗಾದದ್ದು ಒಂದೇ ಸಲ. ಮೇಸ್ತ್ರಿಗೆ ಆ ಒಂದು ಸಲ ಸಾಕಾಯಿತು.

ವಿಮಾನ ಹಾರಿದ ಮೇಲೆ ಇಬ್ಬರೂ ಏಳು ವರ್ಷ ಜೊತೆಗೆ ಹಾರಿದರು. ಮೇಸ್ತ್ರಿ ಎಡಗಡೆಯ ಸೀಟಿನಲ್ಲಿ, ಬಡಗಿ ಬಲಗಡೆಯಲ್ಲಿ. ಬಡಗಿಗೆ ವಿಮಾನ ಹಾರಿಸಲು ಬರುತ್ತಿರಲಿಲ್ಲ. ತೊಡೆಯ ಮೇಲೆ ನಕ್ಷೆ ಹರಡಿಕೊಂಡು, “ಎಡಕ್ಕೆ, ಇನ್ನೂ ಎಡಕ್ಕೆ. ಆ ಕೆರೆ ನಿನ್ನ ರೆಕ್ಕೆ ಕೆಳಗೆ ಬರಬೇಕು” ಎಂದು ಬೆರಳು ತೋರಿಸುತ್ತಿದ್ದ. ಮೇಸ್ತ್ರಿ ನೀರು ಕುಡಿಯಬೇಕಾದಾಗ ಹಿಡಿಕೋಲನ್ನು ಬಡಗಿಯ ಕೈಗೆ ಕೊಡುತ್ತಿದ್ದ. ಏರಿಸು ಎಂದರೆ ಬಡಗಿ ಏರಿಸಲಾರ, ಇಳಿಸು ಎಂದರೆ ಇಳಿಸಲಾರ. ಆದರೆ ನೇರ ಹಿಡಿಯಬಲ್ಲ. ನಲವತ್ತು ವರ್ಷ ಮರ ಕೊಯ್ದ ಕೈ ಅದು, ಗೆರೆ ಬಿಟ್ಟು ಆಚೀಚೆ ಹೋಗುತ್ತಿರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆಯಿಂದ ಬಡಗಿಯ ಕಣ್ಣು ಹೋಯಿತು. ಮೊದಲು ನಕ್ಷೆಯ ಸಣ್ಣ ಅಕ್ಷರ ಹೋಯಿತು, ಆಮೇಲೆ ನಕ್ಷೆ ಹೋಯಿತು, ಆಮೇಲೆ ಎಲ್ಲವೂ ಹೋಯಿತು. ಮಗಳು ಬಂದು ಅವನನ್ನು ಸಮುದ್ರದ ಕಡೆ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವ ದಿನ ಬಡಗಿ ಹೇಳಿದ:

“ಒಂದು ದಿನ ಅಲ್ಲಿಗೆ ಹಾರಿಸ್ಕೊಂಡು ಬಾ. ತಾರಸಿ ಮೇಲೆ ಬಿಳೀ ಪಂಚೆ ಹಾಸಿರ್ತೀನಿ, ನಾಲ್ಕು ಮೂಲೆಗೆ ಕಲ್ಲಿಟ್ಟು. ಅದು ನಿನಗೆ ಕಾಣ್ಲಿ ಅಂತ. ನನಗೇನೂ ಕಾಣೋದು ಬೇಡ. ಇಂಜಿನ್ನಿನ ಆ ಮೂರನೇ ಸಿಲಿಂಡರು ತೊದಲೋದು ಕೇಳಿಸಿದರೆ ನೀನೇ ಅಂತ ಗೊತ್ತಾಗುತ್ತೆ.”

“ತೊದಲಲ್ಲ ಅದು. ಸರಿ ಮಾಡಿದೀನಿ.”

“ನಿನ್ನ ತಲೆ. ಏಳು ವರ್ಷದಿಂದ ಕೇಳ್ತಾ ಇದೀನಿ.”

“ಬರ್ತೀನಿ” ಎಂದ ಮೇಸ್ತ್ರಿ.

ಅದಾದ ಮೇಲೆ ಒಂದು ವರ್ಷ ಮೇಸ್ತ್ರಿ ಒಬ್ಬನೇ ಹಾರಿದ. ಓಡುದಾರಿಯ ಸುತ್ತ, ಕಾರ್ಖಾನೆಯ ಚಿಮಣಿಯವರೆಗೆ, ಅಷ್ಟೇ. ಖಾಲಿ ಸೀಟಿನ ಬೆಲ್ಟನ್ನು ಬಿಗಿಯಾಗಿ ಕಟ್ಟಿಯೇ ಹೊರಡುತ್ತಿದ್ದ. ಸಡಿಲ ಬಿಟ್ಟ ಬೆಲ್ಟು ಹಿಡಿಕೋಲಿಗೆ ಸಿಕ್ಕಿಕೊಳ್ಳಬಹುದು, ಅದಕ್ಕೆ ಎಲ್ಲರೂ ಕಟ್ಟುತ್ತಾರೆ. ಬೇರೆ ಕಾರಣವಿಲ್ಲ.

ಸಮುದ್ರದ ಕಡೆ ಹೋಗಲು ಎರಡೂವರೆ ಗಂಟೆ ಬೇಕು. ನಡುವೆ ಘಟ್ಟ ದಾಟಬೇಕು. ಒಬ್ಬನೇ ಹಿಡಿಕೋಲು ಹಿಡಿದು, ನಕ್ಷೆ ನೋಡಿ, ಇಂಧನ ನೋಡಿ, ಮೋಡ ನೋಡಿ ಹೋಗುವುದು ಅರವತ್ತೇಳರ ವಯಸ್ಸಿಗೆ ಸರಿಯಲ್ಲ ಎಂದು ಅವನೇ ತೀರ್ಮಾನಿಸಿದ. ತನ್ನ ಬಗ್ಗೆ ಅವನು ಸುಳ್ಳು ಹೇಳಿಕೊಳ್ಳುತ್ತಿರಲಿಲ್ಲ.

ಮೊದಲು ಫ್ಲೈಟ್ ಡೈರೆಕ್ಟರ್ ಎಂಬ ಉಪಕರಣ ಹಾಕಿದ. ಎದುರಿನ ಪರದೆಯ ಮೇಲೆ ಎರಡು ಗೆರೆ ಬರುತ್ತವೆ. ವಿಮಾನದ ಮೂಗನ್ನು ಆ ಗೆರೆಗಳಿಗೆ ಹೊಂದಿಸಿ ಹಿಡಿದರೆ ದಾರಿ ತಪ್ಪುವುದಿಲ್ಲ. ಗೆರೆ ತೋರಿಸುತ್ತದೆ, ಮಾಡುವುದು ಕೈ. ಹಾಗಾಗಿ ಅದು ಯಾವ ಸರಳನ್ನೂ ಮುಟ್ಟುವುದಿಲ್ಲ, ಅದಕ್ಕೆ ಇನ್ನೊಬ್ಬರ ಸಹಿಯೂ ಬೇಡ. ಬಡಗಿಯ ಬೆರಳು ಮಾಡುತ್ತಿದ್ದ ಕೆಲಸವನ್ನು ಅದು ಮಾಡಿತು.

ಆಮೇಲೆ ಆಟೋಪೈಲಟ್ ಹಾಕಿದ. ಅದು ಬೇರೆ ವಿಷಯ. ಸೀಟಿನ ಕೆಳಗೆ, ನೆಲದ ಹಲಗೆಯ ಅಡಿಯಲ್ಲಿ ಎರಡು ಮೋಟಾರು ಕೂರುತ್ತವೆ. ಒಂದರ ತೋಳನ್ನು ರೆಕ್ಕೆಯ ಸರಳಿಗೆ ಜೋಡಿಸಬೇಕು, ಇನ್ನೊಂದರ ತೋಳನ್ನು ಬಾಲದ ಸರಳಿಗೆ. ಗುಂಡಿ ಒತ್ತಿದರೆ ಯಂತ್ರವೇ ಹಿಡಿಕೋಲನ್ನು ಹಿಡಿಯುತ್ತದೆ. ಜೋಡಿಸುವಾಗ ಒಂದು ನೂಲಿನಷ್ಟು ಲೆಕ್ಕ ತಪ್ಪಿದರೆ, ಯಾವತ್ತೋ ಒಂದು ದಿನ ಆ ತೋಳು ತನ್ನ ಮಿತಿ ದಾಟಿ ತಿರುಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಗುಂಡಿ ಆರಿಸಿದರೂ ಬಿಡುವುದಿಲ್ಲ. ಆಗ ಹಿಡಿಕೋಲು ಕೈಯಲ್ಲೇ ಇರುತ್ತದೆ, ವಿಮಾನ ಕೈಯಲ್ಲಿ ಇರುವುದಿಲ್ಲ.

ಮೇಸ್ತ್ರಿ ಹನ್ನೆರಡು ದಿನ ಆ ಕೆಲಸ ಮಾಡಿದ. ಮುಗಿದ ಮೇಲೆ ನೆಲದ ಹಲಗೆ ಮುಚ್ಚಿ, ಇಪ್ಪತ್ತೆಂಟು ಸ್ಕ್ರೂ ಬಿಗಿದ. ಪ್ರತಿ ಸ್ಕ್ರೂವಿನ ತಲೆಯಿಂದ ಹಲಗೆಗೆ ಒಂದೊಂದು ಕೆಂಪು ಬಣ್ಣದ ಗೆರೆ ಎಳೆದ. ಅದು ಯಾರ ಪರೀಕ್ಷೆಗೂ ಎಳೆದದ್ದಲ್ಲ, ಅವನ ಅಭ್ಯಾಸ. ಬಣ್ಣ ಒಣಗಿದ ಮೇಲೆ ಸ್ಕ್ರೂ ಎಳ್ಳಿನಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ನೋಡುವವರು ಬೇಕು. ನಿಯಮಕ್ಕೆ ಒಬ್ಬ ಸಾಕು. ಬಡಗಿ ಇಲ್ಲದ್ದರಿಂದ ಮೇಸ್ತ್ರಿ ಮೂವರನ್ನು ಕೇಳಿದ. ಒಬ್ಬ ವೈದ್ಯ, ಒಬ್ಬ ಗ್ರಾನೈಟ್ ವ್ಯಾಪಾರಿ, ಹಾರುವುದನ್ನು ಕಲಿಸುತ್ತಿದ್ದ ಒಬ್ಬ ಶಿಕ್ಷಕ. ಮೂವರದೂ ಅಲ್ಲೇ ಶೆಡ್ಡು. ಮೂವರಿಗೂ ಕೆಲಸ ಗೊತ್ತು.

ಮೊದಲು ವೈದ್ಯ ಬಂದ. ಮೇಸ್ತ್ರಿ ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಹೊರಗೆ ಹೋದ. ಕೆಲಸ ಮಾಡಿದವನು ನೋಡುವವನ ಪಕ್ಕದಲ್ಲಿ ನಿಲ್ಲಬಾರದು. ನಿಂತರೆ ಅವನ ಕಣ್ಣು ಎಲ್ಲಿಗೆ ಹೋಗುತ್ತದೋ ನೋಡುವವನ ಕಣ್ಣೂ ಅಲ್ಲಿಗೇ ಹೋಗುತ್ತದೆ. ವೈದ್ಯ ಸೀಟಿನಲ್ಲಿ ಕೂತ. ಹಿಡಿಕೋಲನ್ನು ಅತ್ತ ಇತ್ತ ಆಡಿಸಿದ. ಹೊರಗೆ ಬಂದು ಸಹಿ ಹಾಕಿದ.

“ನೋಡಿದ್ರಾ ಡಾಕ್ಟ್ರೇ?”

“ಏನ್ ಮೇಸ್ತ್ರಿ, ನಿಮ್ಮ ಕೆಲಸ ಅಂದ್ರೆ ಕೇಳ್ಬೇಕಾ!” ಎಂದು ವೈದ್ಯ ಅವನ ಬೆನ್ನು ತಟ್ಟಿ ಹೋದ.

ಮೇಸ್ತ್ರಿ ಅದನ್ನು ಹೌದು ಎಂದುಕೊಂಡ. ಮರುದಿನ ವ್ಯಾಪಾರಿ ಬಂದ. ಅದರ ಮರುದಿನ ಶಿಕ್ಷಕ ಬಂದ. ಇಬ್ಬರೂ ಸಹಿ ಹಾಕಿದರು. ಇಬ್ಬರೂ ಅದೇ ತರಹದ ಮಾತು ಹೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅವನ ಮೇಲಿನ ಗೌರವದಿಂದಲೇ ಹಾಗೆ ಮಾಡಿದರು. ಕೆಲಸ ಎಷ್ಟು ಚೆನ್ನಾಗಿರುತ್ತದೋ ಅದನ್ನು ನೋಡುವವರು ಅಷ್ಟು ಕಡಿಮೆಯಾಗುತ್ತಾರೆ. ಇದನ್ನು ನೀನು ನೆನಪಿಟ್ಟುಕೋ.

ಹಾರುವ ಅನುಮತಿ ಬಂತು. ಒಂದು ಭಾನುವಾರಕ್ಕೆ ದಿನ ಗೊತ್ತಾಯಿತು. ಮೇಸ್ತ್ರಿ ಬಡಗಿಗೆ ಫೋನು ಮಾಡಿದ. “ಬೆಳಿಗ್ಗೆ ಹತ್ತರ ಹೊತ್ತಿಗೆ ಪಂಚೆ ಹಾಸು” ಎಂದ. “ಒಗೆದೇ ಹಾಸ್ತೀನಿ” ಎಂದ ಬಡಗಿ.

ಶನಿವಾರ ಮಧ್ಯಾಹ್ನ ಮೇಸ್ತ್ರಿ ವಿಮಾನದ ಒಳಗೆಲ್ಲ ಗುಡಿಸಿ ಒರೆಸಿದ. ನೀರಿನ ಬಾಟಲಿಯನ್ನು ಬಲಗಡೆಯ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದ. ಬೆಲ್ಟು ಕಟ್ಟಲು ಬಗ್ಗಿದಾಗ ನೆಲದ ಹಲಗೆ ಕಂಡಿತು.

ಇಪ್ಪತ್ತೆಂಟು ಗೆರೆಗಳೂ ಹಾಗೇ ಇದ್ದವು.

ಅವನು ಮತ್ತೆ ಎಣಿಸಿದ. ಒಂದೂ ಮುರಿದಿರಲಿಲ್ಲ. ರಿಜಿಸ್ಟರ್ ತೆಗೆದು ನೋಡಿದ. ಮೂರು ಸಹಿಗಳೂ ಅಲ್ಲೇ ಇದ್ದವು.

ಶಿಕ್ಷಕನ ಶೆಡ್ಡಿನ ಎದುರು ಮೂವರೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದರು. ಮೇಸ್ತ್ರಿ ಹೋಗಿ ಅವರ ಮುಂದೆ ನಿಂತ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ಹಲಗೆ ಬಿಚ್ಚಿದ್ದು ಯಾರು?”

ವೈದ್ಯ ನಕ್ಕ. “ನಿಮ್ಮ ಕೆಲಸ ಬಿಚ್ಚಿ ನೋಡೋಷ್ಟು ದೊಡ್ಡವನಾ ನಾನು?”

“ನಾನು ಡಾಕ್ಟ್ರ ಸಹಿ ನೋಡಿ ಹಾಕಿದೆ ಕಣ್ರೀ” ಎಂದ ವ್ಯಾಪಾರಿ. “ದಿನಾ ಜನರ ಹೊಟ್ಟೆ ಬಿಚ್ಚಿ ನೋಡೋರು, ಒಂದು ಹಲಗೆ ಬಿಚ್ಚಿರಲ್ಲ ಅಂತ ನನಗೇನು ಕನಸು ಬೀಳುತ್ತಾ?”

ವೈದ್ಯನಿಗೆ ಮತ್ತೆ ನಗು ಬಂತು. ಮೇಸ್ತ್ರಿ ಶಿಕ್ಷಕನ ಕಡೆ ನೋಡಿದ. ಶಿಕ್ಷಕ, “ಎರಡು ಸಹಿ ಆಗಲೇ ಇದ್ದವಲ್ಲ” ಎಂದ.

ಮೂವರು ನೋಡುತ್ತಾರೆ ಎಂಬ ಧೈರ್ಯದಿಂದ ಮೂವರೂ ನೋಡಿರಲಿಲ್ಲ.

“ಈಗ ಯಾರಾದರೂ ಒಬ್ಬರು ಬನ್ನಿ” ಎಂದ ಮೇಸ್ತ್ರಿ. “ಎರಡು ಗಂಟೆ ಸಾಕು. ಇನ್ನೂ ಬೆಳಕಿದೆ.”

ವೈದ್ಯ ಗಡಿಯಾರ ನೋಡಿಕೊಂಡ. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುತ್ತಿದ್ದರು. ಅದು ನಿಜವೇ. ವ್ಯಾಪಾರಿಗೆ ಬೇಸರವಾಗಿತ್ತು.

“ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಮಗೆ ನಿಮ್ಮ ಮೇಲಿರೋ ನಂಬಿಕೆ ನಿಮಗೇ ಇಲ್ಲ.”

“ನನ್ನ ಕೈ ಮೇಲೆ ನಂಬಿಕೆ ಇದೆ” ಎಂದ ಮೇಸ್ತ್ರಿ. “ಕಣ್ಣಿನ ಮೇಲಿಲ್ಲ. ಹನ್ನೆರಡು ದಿನ ಅದನ್ನೇ ನೋಡಿದ ಕಣ್ಣು. ತಪ್ಪಿದ್ದರೂ ಅದಕ್ಕೆ ಸರಿ ಅಂತಲೇ ಕಾಣುತ್ತೆ. ನನಗೆ ನಿಮ್ಮ ಹೊಗಳಿಕೆ ಬೇಡ. ನಿಮ್ಮ ಕಣ್ಣು ಬೇಕು.”

ಶಿಕ್ಷಕನಿಗೆ ನಾಲ್ಕು ಗಂಟೆಗೆ ಒಬ್ಬರ ಪಾಠವಿತ್ತು. ಅವನು ಎದ್ದು ಮೇಸ್ತ್ರಿಯ ಹೆಗಲ ಮೇಲೆ ಕೈ ಇಟ್ಟ.

“ಏನೂ ಆಗಲ್ಲ ಮೇಸ್ತ್ರಿ. ನಾಳೆ ಧೈರ್ಯವಾಗಿ ಹೊರಡಿ. ಅಲ್ಲಿ ನಿಮ್ಮ ಗೆಳೆಯರು ಕಾಯ್ತಾ ಇರ್ತಾರೆ.”

ನೋಡದೆ ಇದ್ದವನು ಹೇಳಬಹುದಾದ ಅತಿ ಸುಲಭದ ಮಾತು ಅದು.

ಮೇಸ್ತ್ರಿ ತನ್ನ ಶೆಡ್ಡಿಗೆ ಹಿಂದಿರುಗಿದ. ಮೋಟಾರುಗಳನ್ನು ಬಿಚ್ಚಿ ತೆಗೆದು, ಮೊದಲಿನ ಹಾಗೆ ಬರಿಗೈಯಲ್ಲಿ ಹಾರಿಸಿಕೊಂಡು ಹೋಗಬಹುದಿತ್ತಲ್ಲ ಎಂದು ನೀನು ಕೇಳಬಹುದು. ಬಿಚ್ಚುವುದೂ ಸರಳನ್ನು ಮುಟ್ಟಿದ ಹಾಗೆಯೇ. ಅದಕ್ಕೂ ಇನ್ನೊಬ್ಬರು ನೋಡಬೇಕು. ಕೂರಿಸಿದರೂ ಒಬ್ಬ ಬೇಕು, ತೆಗೆದರೂ ಒಬ್ಬ ಬೇಕು. ಆ ಒಬ್ಬ ಇರಲಿಲ್ಲ.

ಅವನು ರಿಜಿಸ್ಟರಿನಲ್ಲಿ ಮೂರು ಸಹಿಗಳ ಕೆಳಗೆ, “ಯಾರೂ ನೋಡಿಲ್ಲ” ಎಂದು ಬರೆದ. ಅದಕ್ಕೆ ತನ್ನ ಸಹಿ ಹಾಕಿದ. ಸೀಟಿನ ಬೆಲ್ಟು ಬಿಚ್ಚಿ ನೀರಿನ ಬಾಟಲಿ ತೆಗೆದುಕೊಂಡ. ಶೆಡ್ಡಿಗೆ ಬೀಗ ಹಾಕಿ, ಬಸ್ ನಿಲ್ದಾಣಕ್ಕೆ ನಡೆದುಕೊಂಡು ಹೋದ. ಬಡಗಿಗೆ ಫೋನು ಮಾಡಲಿಲ್ಲ. ಅದು ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಆ ಊರಿನಲ್ಲಿ ಬಸ್ಸಿಳಿದ. ವಿಚಾರಿಸಿಕೊಂಡು ಮನೆ ಹುಡುಕಿದ. ಬಡಗಿಯ ಮಗಳು ಬಾಗಿಲು ತೆಗೆದಳು. ಮೇಲೆ ಎಂದು ಕೈ ತೋರಿಸಿದಳು.

ತಾರಸಿಯ ಮೇಲೆ ಬಿಳೀ ಪಂಚೆ ಹಾಸಿತ್ತು. ನಾಲ್ಕು ಮೂಲೆಗೆ ಕಲ್ಲು. ಬಡಗಿ ಅದರ ಪಕ್ಕ ಒಂದು ಸ್ಟೂಲಿನ ಮೇಲೆ ಕೂತು, ತಲೆ ಸ್ವಲ್ಪ ಓರೆ ಮಾಡಿ, ಘಟ್ಟದ ಕಡೆಗೆ ಕಿವಿ ಕೊಟ್ಟಿದ್ದ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಬಡಗಿ ಆ ಹೆಜ್ಜೆಯನ್ನು ಗುರುತು ಹಿಡಿದ.

“ಮೇಲಿಂದ ಬರ್ತೀನಿ ಅಂದೋನು ಕೆಳಗಿಂದ ಬಂದ್ಯಲ್ಲೋ.”

“ಬಸ್ಸಲ್ಲಿ ಬಂದೆ.”

“ಯಾಕೆ, ಸಹಿ ಆಗ್ಲಿಲ್ವಾ?”

“ಸಹಿ ಆಯ್ತು. ಮೂರು ಆಯ್ತು.”

ಬಡಗಿ ಮುಖವನ್ನು ಅವನ ಕಡೆ ತಿರುಗಿಸಿದ. “ನೋಡಿದೋರು ಯಾರು?” ಎಂದು ಕೇಳಿದ.

“ಯಾರೂ ಇಲ್ಲ.”

“ಹಂಗಾದ್ರೆ ಬಸ್ಸಲ್ಲಿ ಬಂದದ್ದೇ ಸರಿ” ಎಂದ ಬಡಗಿ.

ಇಬ್ಬರೂ ಕೂತರು. ಪಂಚೆಯನ್ನು ಯಾರೂ ತೆಗೆಯಲಿಲ್ಲ.

“ಆ ಮಿಷನ್ನು ನೇರ ಹಿಡಿಯುತ್ತಂತಾ?”

“ಹಿಡಿಯುತ್ತಂತೆ.”

“ನನಗಿಂತ?”

“ಗೊತ್ತಿಲ್ಲ. ಹಾರಿಸಿ ನೋಡಿಲ್ಲ.”

ಬಡಗಿ ನಕ್ಕ. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿದ. “ನನ್ನ ಕರ್ಕೊಂಡು ಹೋಗು. ಕಣ್ಣು ಹೋದ್ರೆ ಹೋಯ್ತು. ನಾನು ಯಾವತ್ತು ಕಣ್ಣಲ್ಲಿ ನೋಡಿದೀನಿ? ಬೆರಳಿದ್ದಾವಲ್ಲ. ಇವತ್ತೇ ಹೊರಡೋಣ.”

ಮೇಸ್ತ್ರಿ ದಾರಿಯುದ್ದಕ್ಕೂ ಯೋಚಿಸುತ್ತಾ ಬಂದದ್ದು ಅದನ್ನೇ. ಕೇಳಬೇಕೆಂದು ಬಂದದ್ದೂ ಅದನ್ನೇ. ಅವನು ಹೂಂ ಎನ್ನುವುದರೊಳಗೆ ಮಗಳು ಚಹಾ ತಂದಳು. ಸ್ಟೀಲಿನ ಲೋಟ, ಆಗಷ್ಟೇ ಒಲೆಯಿಂದ ಇಳಿಸಿದ ಚಹಾ. ಮೇಸ್ತ್ರಿ ಲೋಟ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡ. ಬಡಗಿ ತನ್ನ ಲೋಟವನ್ನು ಅಂಗೈಯಲ್ಲಿ ಪೂರ್ತಿ ಹಿಡಿದು ಕೂತಿದ್ದ. ಮಾತಾಡುತ್ತಲೇ ಇದ್ದ. ರೆಕ್ಕೆಯ ಸರಳಿನಿಂದ ಶುರು ಮಾಡಬೇಕು, ಬಾಲದ್ದು ಆಮೇಲೆ, ಎಂದು ಹೇಳುತ್ತಿದ್ದ.

ಮೇಸ್ತ್ರಿ ಅವನ ಕೈಯಿಂದ ಲೋಟ ತೆಗೆದು ಕೆಳಗಿಟ್ಟ.

“ಯಾಕೋ?”

“ಬಿಸಿ ಇದೆ.”

ಬಡಗಿ ಒಂದು ಕೈಯ ಬೆರಳುಗಳಿಂದ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿಕೊಂಡ. ಕಣ್ಣನ್ನು ತೆಗೆದುಕೊಂಡ ಕಾಯಿಲೆ ಸದ್ದಿಲ್ಲದೆ ಬೆರಳ ತುದಿಗೂ ಬಂದಿತ್ತು. ಅವನಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿರಲಿಲ್ಲವೋ.

“ನಾನು ಸಹಿ ಹಾಕ್ತೀನಿ ಕಣೋ” ಎಂದ. “ಎಲ್ಲಿ ಹಾಕಬೇಕು ಅಂತ ಕೈ ಹಿಡಿದು ತೋರಿಸು, ಸಾಕು. ನೀನು ಮಾಡಿದ್ದು ತಪ್ಪಿರಲ್ಲ.”

“ಬೇಡ” ಎಂದ ಮೇಸ್ತ್ರಿ.

ಹನ್ನೊಂದು ವರ್ಷ ಕಟ್ಟಿದ, ಏಳು ವರ್ಷ ಹಾರಿದ ಗೆಳೆತನಕ್ಕೆ ಅವನು ಆ ಒಂದು ಮಾತು ಹೇಳಿದ. ಬಡಗಿ ಎರಡನೆಯ ಸಲ ಕೇಳಲಿಲ್ಲ. ಬಿಸಿಲು ಏರಿತು. ಇಬ್ಬರೂ ಎದ್ದು ಕಲ್ಲು ತೆಗೆದು, ಎರಡೆರಡು ಮೂಲೆ ಹಿಡಿದು ಪಂಚೆಯನ್ನು ಮಡಿಸಿದರು. ಸಂಜೆಯ ಬಸ್ಸಿಗೆ ಮೇಸ್ತ್ರಿ ಹಿಂದಿರುಗಿದ.

ಆಮೇಲೆ ಎರಡು ವರ್ಷ ಅವನು ಪ್ರತಿ ಭಾನುವಾರ ಓಡುದಾರಿಗೆ ಬರುತ್ತಿದ್ದ. ಶೆಡ್ಡಿನ ಬೀಗ ತೆಗೆದು, ರೆಕ್ಕೆಯ ಧೂಳು ಒರೆಸಿ, ಎಡಗಡೆಯ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು, ಬೀಗ ಹಾಕಿ ಹೋಗುತ್ತಿದ್ದ. ಯಾರನ್ನೂ ದೂರಲಿಲ್ಲ. ಯಾರನ್ನೂ ಎರಡನೆಯ ಸಲ ಕರೆಯಲಿಲ್ಲ. ದೂರುವವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ದೂರು ಹೇಳದವನ ಎದುರು ಹೋಗಿ ನಿಲ್ಲುವುದು ಕಷ್ಟ. ಅವನ ಶೆಡ್ಡಿನ ಬಾಗಿಲು ತೆರೆದಿದ್ದರೆ ಆ ಮೂವರೂ ಬೇರೆ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದರು. ಅವನಿಗೆ ಕೇಳಿಸುವಂತೆ ಅವನ ಕೆಲಸವನ್ನು ಹೊಗಳುವುದನ್ನು ಮಾತ್ರ ಬಿಡಲಿಲ್ಲ.

ಒಂದು ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಮುಗಿಯಿತೆಂದು ಹಾಲೇಶನಿಗೆ ಅನಿಸಲಿಲ್ಲ.

“ಆಮೇಲಾದರೂ ಹಲಗೆ ಬಿಚ್ಚಿ ನೋಡಿದರೇ? ತಪ್ಪು ಇತ್ತೇ?”

“ಯಾರಿಗೆ ಗೊತ್ತು? ಗೆರೆಗಳು ಈಗಲೂ ಹಾಗೇ ಇವೆ.”

“ತಪ್ಪು ಇರದೇ ಇದ್ದಿದ್ದರೆ? ಮೇಸ್ತ್ರಿ ಸುಮ್ಮನೆ ಹಾರಬಹುದಿತ್ತಲ್ಲ. ಕಣ್ಣಿಲ್ಲದ ಆ ಬಡಗಿಗೆ ಆ ಸದ್ದನ್ನಾದರೂ ಕೇಳಿಸಬಹುದಿತ್ತು.”

“ಹೌದು” ಎಂದರು ಗುರುಗಳು. “ಕೇಳಿಸಬಹುದಿತ್ತು.”

ಹಾಲೇಶನಿಗೆ ಆ ಉತ್ತರ ಸಾಲಲಿಲ್ಲ. “ಆ ತಾರಸಿಯ ಮೇಲೆ ನಡೆದದ್ದು ನಿಮಗೆ ಹೇಗೆ ಗೊತ್ತಾಯಿತು?”

“ಬಡಗಿಯ ಮಗಳು ಹೇಳಿದಳು. ಎಷ್ಟೋ ವರ್ಷದ ಮೇಲೆ ಆ ಶಿಕ್ಷಕ ಹುಡುಕಿಕೊಂಡು ಹೋಗಿದ್ದ. ಆಗ ಅಲ್ಲಿ ಕೇಳುವುದಕ್ಕೆ ಅವಳೊಬ್ಬಳೇ ಉಳಿದಿದ್ದಳು.”

“ಎರಡು ವರ್ಷ, ಗುರುಗಳೇ. ನೂರು ಭಾನುವಾರ. ಎದುರು ಶೆಡ್ಡಿನಲ್ಲೇ ಇದ್ದು, ಒಂದು ಸ್ಕ್ರೂಡ್ರೈವರ್ ಹಿಡಿದು ಅಲ್ಲಿಗೆ ಹೋಗಲು ಆ ಶಿಕ್ಷಕನಿಗೆ ಎರಡು ಗಂಟೆ ಸಿಗಲಿಲ್ಲವೇ?”

ಗುರುಗಳು ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಾಲೇಶನ ಹೆಸರಿನ ಪಕ್ಕದಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ನೋಡಿದರು. ಅವರ ಕೈ ಪೆನ್ನಿನ ಕಡೆಗೆ ಹೋಗಲಿಲ್ಲ. ಹಾಲೇಶ ಆ ಕೈಯನ್ನು ನೋಡಿದ, ಆಮೇಲೆ ಅವರ ಮುಖ ನೋಡಿದ. ಆ ಶಿಕ್ಷಕ ಯಾರೆಂದು ಇನ್ನು ಕೇಳಬೇಕಾಗಿರಲಿಲ್ಲ.

ಗುರುಗಳು ರಿಜಿಸ್ಟರ್ ಮುಚ್ಚಿ, ಎದ್ದು ನಿಂತು, ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿಕೊಂಡರು.

“ನಾಲ್ಕು ಗಂಟೆಯ ಪಾಠ ಇವತ್ತಿಲ್ಲ ಅಂತ ಹುಬ್ಬಳ್ಳಿಯವರಿಗೆ ಹೇಳಿ ಬಾ, ಬರುವಾಗ ಸ್ಕ್ರೂಡ್ರೈವರ್ ತಾ.”